ಗಾಡಿಗೆ ಶೋರೂಮ್ ಹೊಳಪು: ವ್ಯಾಕ್ಸ್, ಸೀಲಂಟ್, ಸೆರಾಮಿಕ್, ಪಿಪಿಎಫ್‌ಗಳಲ್ಲಿ ನಮ್ಮ ಕಡೆಗೆ ಯಾವುದು ಹೊಂದುತ್ತೆ?

ಹೊಸ ಕಾರಿನ ಬುಕಿಂಗ್ ಮುಗಿಯುವ ಹೊತ್ತಿಗೆ ಶೋರೂಮಿನವರು ಕೇಳುತ್ತಾರೆ: "ಸರ್, ಟೆಫ್ಲಾನ್ ಹಾಕ್ಸೋದಾ, ಸೆರಾಮಿಕ್ ಹಾಕ್ಸೋದಾ?" ಐದು ವರ್ಷ ಓಡಿದ ಗಾಡಿಯನ್ನು ವಾಷಿಂಗ್ ಸೆಂಟರಿಗೆ ಒಯ್ದರೆ ಅಲ್ಲಿಯ ಹುಡುಗ ಕೇಳುತ್ತಾನೆ: "ಅಣ್ಣಾರ, ಪಾಲಿಶ್ ಹೊಡದ ಬಿಡ್ಲೇನ್ರಿ?" ಇಬ್ಬರೂ ಬೇರೆ ಬೇರೆ ಕೆಲಸದ ಮಾತಾಡುತ್ತಿದ್ದಾರೆ, ನಮಗೆ ಮಾತ್ರ ಎರಡೂ ಒಂದೇ ಅನ್ನಿಸುತ್ತದೆ. ಬಣ್ಣಕ್ಕೆ ಹೊಳಪು ತರುವುದು ಒಂದು ಕೆಲಸ, ತಂದ ಹೊಳಪನ್ನು ಕಾಯುವುದು ಇನ್ನೊಂದು. ಪಾಲಿಶ್ ಮೊದಲನೆಯದಕ್ಕೆ. ವ್ಯಾಕ್ಸ್ (ಮೇಣ), ಸೀಲಂಟ್ (ಪಾಲಿಮರ್ ದ್ರವ), ಸೆರಾಮಿಕ್ (ಸಿಲಿಕಾ ಮೂಲದ ಕೋಟಿಂಗ್), ಪಿಪಿಎಫ್ (ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ) ಎಲ್ಲವೂ ಎರಡನೆಯದಕ್ಕೆ. ಗೀರು ತುಂಬಿದ ಬಾನೆಟ್ ಮೇಲೆ ಎಷ್ಟೇ ದುಬಾರಿ ಸೆರಾಮಿಕ್ ಬಳಿದರೂ ಒಳಗಿನ ಗೀರುಗಳು ಗಾಜಿನ ಹಿಂದೆ ಇಟ್ಟಂತೆ ಹಾಗೇ ಕಾಣುತ್ತವೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆಯ ಬಹುಪಾಲು ಗಾಡಿಗಳಿಗೆ ಒಮ್ಮೆ ಸರಿಯಾದ ಮಷಿನ್ ಪಾಲಿಶ್, ಆಮೇಲೆ ವರ್ಷಕ್ಕೆರಡು ಸಲ ಸೀಲಂಟ್ ಸಾಕು. ಗಾಡಿ ತೊಳೆಯುವ ರೂಢಿಯನ್ನೇ ಬದಲಿಸಲು ತಯಾರಿದ್ದವರು ಸೆರಾಮಿಕ್ ಹಾಕಿಸಲಿ. ಪಿಪಿಎಫ್ ಹೈವೇ ಮೇಲೆ ಹೆಚ್ಚು ಓಡುವವರಿಗೆ, ಅದೂ ಮುಂಭಾಗಕ್ಕೆ ಮಾತ್ರ. ಟೆಫ್ಲಾನ್ ಯಾರಿಗೂ ಬೇಡ. ಒಪ್ಪದವರು ಮುಂದೆ ಓದಿ, ಕಾರಣ ಕೊಡುತ್ತೇನೆ.

ಹೊಳಪು ಇರುವುದು ಎಲ್ಲಿ

ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕ್ಲಿಯರ್ ಕೋಟ್ ಅದರಲ್ಲಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ನಾವು ಹೊಳಪು ಅನ್ನುವುದೆಲ್ಲ ಈ ಪದರದ ಮೇಲ್ಮೈಯಲ್ಲಿದೆ. ಅದು ಸಮತಟ್ಟಾಗಿದ್ದರೆ ಬೆಳಕು ಬಿದ್ದ ಹಾಗೇ ತಿರುಗಿ ಬರುತ್ತದೆ, ಬಾಗಿಲಲ್ಲಿ ಮುಖ ಕಾಣುತ್ತದೆ. ಅದರ ತುಂಬ ಸಣ್ಣ ಗೀರುಗಳಿದ್ದರೆ ಬೆಳಕು ಚೆದುರಿ ಬಣ್ಣ ಮಬ್ಬಾಗುತ್ತದೆ.

ಇಳಕಲ್ಲಿನ ಕೆಂಪು ಗ್ರಾನೈಟ್ ಕಾರ್ಖಾನೆ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕಲ್ಲಿಗೆ ಮಿಂಚು ಬರುವುದು ಮೇಲೆ ಏನೋ ಬಳಿದಿದ್ದರಿಂದಲ್ಲ. ದಪ್ಪ ಕಣದ ಕಲ್ಲಿನಿಂದ ಶುರು ಮಾಡಿ ಸಣ್ಣ, ಇನ್ನೂ ಸಣ್ಣ ಕಣದಲ್ಲಿ ತಿಕ್ಕುತ್ತ ಹೋದ ಮೇಲೆ ಬರುತ್ತದೆ. ಕಾರಿಗೂ ಮೊದಲು ಕಂಪೌಂಡ್ ಎಂಬ ಒರಟು ಕಣದ ಪೇಸ್ಟು, ಆಮೇಲೆ ಅದಕ್ಕಿಂತ ನುಣುಪಾದ ಪಾಲಿಶ್. ಒಂದೇ ವ್ಯತ್ಯಾಸವೆಂದರೆ ಕಲ್ಲು ಇಂಚುಗಟ್ಟಲೆ ದಪ್ಪ ಇರುತ್ತದೆ, ಇಲ್ಲಿ ತಿಕ್ಕಲು ಸಿಗುವುದು 40 ಮೈಕ್ರಾನ್. ಬಿಸಿಲಿನಿಂದ ಬಣ್ಣ ಕಾಯುವ ಅಂಶವೂ ಆ ಪದರದಲ್ಲೇ ಇದೆ. ಜೋರಾದ ಒಂದು ಕಂಪೌಂಡಿಂಗ್‌ನಲ್ಲಿ ನಾಲ್ಕೈದು ಮೈಕ್ರಾನ್ ಹೋಗಬಹುದು. ಹಾಗಾಗಿ ಪ್ರತಿ ದೀಪಾವಳಿಗೆ "ರಬ್ಬಿಂಗ್ ಪಾಲಿಶ್" ಮಾಡಿಸುವುದು ಗಾಡಿಯ ಆಯುಷ್ಯವನ್ನೇ ತಿಕ್ಕಿ ತೆಗೆದಂತೆ.

ಗೀರುಗಳು ಬರುವುದು ಎಲ್ಲಿಂದ? ನಮ್ಮ ಕಡೆ ಉತ್ತರ ಸುಲಭ: ಬೆಳಿಗ್ಗೆ ಒಣ ಬಟ್ಟೆಯಿಂದ. ರಾತ್ರಿ ಗಾಡಿ ಮೇಲೆ ಕುಂತ ಧೂಳನ್ನು ಡ್ರೈವರ್ ಹಳೆ ಬನಿಯನ್ ತುಂಡಿನಿಂದ ಸರಸರ ಒರೆಸುತ್ತಾನೆ. ರಸ್ತೆ ಧೂಳಿನಲ್ಲಿ ಎರೆ ಮಣ್ಣಿನ ಜೊತೆ ಉಸುಕಿನ ಕಣವೂ ಇರುತ್ತದೆ, ಅದು ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ಆರು ತಿಂಗಳಲ್ಲಿ ಬಾನೆಟ್ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯಂಥ ಸುತ್ತು ಗೀರುಗಳು ಕಾಣತೊಡಗುತ್ತವೆ. ಬಿಳಿ, ಬೆಳ್ಳಿ ಬಣ್ಣದ ಗಾಡಿಯಲ್ಲಿ ಇದು ಅಷ್ಟು ಕಾಣುವುದಿಲ್ಲ, ಕಪ್ಪು ಗಾಡಿಯಲ್ಲಿ ಎದ್ದು ಕಾಣುತ್ತದೆ. ಕಪ್ಪು ಗಾಡಿ ತಗೊಂಡವರಿಗೆ ನನ್ನ ಸಹಾನುಭೂತಿ ಇದೆ. ಹೊಳೆದಾಗ ಅದರಷ್ಟು ಚೆಂದ ಯಾವುದೂ ಇಲ್ಲ, ಹೊಳೆಯುವ ದಿನಗಳು ಮಾತ್ರ ಕಡಿಮೆ.

ಕೈ ಪಾಲಿಶ್, ರೋಟರಿ, ಡಿಎ

ಹೊಳಪು ತರುವ ಮೊದಲ ಕೆಲಸಕ್ಕೆ ಮೂರು ದಾರಿ ಇವೆ. ನಿಜವಾದ ಆಯ್ಕೆ ಇಲ್ಲಿಯೇ ಇದೆ. ಆದರೆ ಗಿರಾಕಿಗಳು ಇದರ ಬಗ್ಗೆ ಕೇಳುವುದೇ ಇಲ್ಲ.

ಕೈಯಿಂದ ಹಚ್ಚುವ ಕ್ರೀಮ್ ಪಾಲಿಶ್ ಸಣ್ಣ ಮಬ್ಬು ತೆಗೆಯುತ್ತದೆ, ಹಿಡಿಕೆಯ ಸುತ್ತ ಉಗುರು ತಾಗಿ ಆದ ತೆಳು ಗೀರುಗಳನ್ನೂ ತೆಗೆಯುತ್ತದೆ. ಇಡೀ ಗಾಡಿಗೆ ಅದು ಸಾಲದು, ತೋಳು ನೋಯುವುದಷ್ಟೇ ಲಾಭ.

ರೋಟರಿ ಮಷಿನ್ ಒಂದೇ ಅಚ್ಚಿನ ಮೇಲೆ ಗರಗರ ತಿರುಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಆಳದ ಗೀರೂ ಹೋಗುತ್ತದೆ. ಆದರೆ ಒಂದೇ ಕಡೆ ಅರೆಕ್ಷಣ ಹೆಚ್ಚು ನಿಂತರೂ ಬಿಸಿ ಏರುತ್ತದೆ. ಬಾನೆಟ್‌ನ ಏಣು, ಬಾಗಿಲಿನ ಅಂಚು, ಬಂಪರ್ ಮೂಲೆಗಳಲ್ಲಿ ಕ್ಲಿಯರ್ ಕೋಟ್ ಮೊದಲೇ ತೆಳು, ಅಲ್ಲಿ ಸುಟ್ಟು ಬಣ್ಣ ಕಂಡರೆ ಆ ಭಾಗ ಮತ್ತೆ ಪೇಂಟ್ ಮಾಡುವುದೇ ಗತಿ. ಪಳಗಿದ ಕೈ ಇಲ್ಲದಿದ್ದರೆ ರೋಟರಿ ತನ್ನದೇ ಗುರುತನ್ನೂ ಬಿಟ್ಟುಹೋಗುತ್ತದೆ. ಬಿಸಿಲಲ್ಲಿ ಗಾಡಿಯ ಸುತ್ತ ನಡೆದರೆ ಬಣ್ಣದೊಳಗೆ ಅಲೆಅಲೆಯಾಗಿ ಜರುಗುವ ಬೆಳಕಿನ ಪಟ್ಟಿಗಳು ಕಾಣುತ್ತವೆ, ಅದನ್ನು ಹೋಲೋಗ್ರಾಂ ಅನ್ನುತ್ತಾರೆ. ಡೆಲಿವರಿ ದಿನವೇ ಹೊಸ ಗಾಡಿಯಲ್ಲಿ ಇದು ಕಂಡರೆ, ಯಾರೋ ಅವಸರದಲ್ಲಿ ರೋಟರಿ ಆಡಿಸಿದ್ದಾರೆ ಎಂದು ತಿಳಿಯಿರಿ.

ಡಿಎ, ಅಂದರೆ ಡ್ಯುಯಲ್ ಆ್ಯಕ್ಷನ್ ಮಷಿನ್, ತಿರುಗುತ್ತಲೇ ಆಚೀಚೆ ಅಲ್ಲಾಡುತ್ತದೆ. ಬಿಸಿ ಒಂದೇ ಕಡೆ ಕೂಡುವುದಿಲ್ಲ, ಗುರುತೂ ಬಿಡುವುದಿಲ್ಲ. ನಿಧಾನ. ಒಂದು ಮಧ್ಯಮ ಕಾರನ್ನು ಸರಿಯಾಗಿ ಮುಗಿಸಲು ಇಡೀ ದಿನ ಹಿಡಿದರೂ ಆಶ್ಚರ್ಯವಿಲ್ಲ. ಮನೆಯಲ್ಲೇ ಮಾಡಿಕೊಳ್ಳುವವರು ಡಿಎ ಬಿಟ್ಟು ಬೇರೆ ಮಷಿನ್ ಮುಟ್ಟಬಾರದು. ಹೊರಗೆ ಮಾಡಿಸುವವರೂ "ರೋಟರಿ ಏನ್ರಿ, ಡಿಎ ಏನ್ರಿ?" ಅಂತ ಒಂದು ಮಾತು ಕೇಳಿ. ಕೇಳಿದ್ದಕ್ಕೇ ಅರ್ಧ ಎಚ್ಚರ ಬರುತ್ತದೆ. ರೋಟರಿಯಲ್ಲಿ ಕಂಪೌಂಡ್ ಹೊಡೆದು ಡಿಎಯಲ್ಲಿ ಫಿನಿಶಿಂಗ್ ಮಾಡುವವರೂ ಇದ್ದಾರೆ. ಕೈ ಪಳಗಿದ್ದರೆ ಅದೂ ಒಳ್ಳೆಯ ಪದ್ಧತಿಯೇ.

ಮಷಿನ್ ಹಿಡಿಯುವ ಮುಂಚೆ ಒಂದು ತಯಾರಿ ಇದೆ, ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ. ಗಾಡಿ ತೊಳೆದು ಒಣಗಿಸಿದ ಮೇಲೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕೈ ಹಾಕಿ ಬಾನೆಟ್ ಮೇಲೆ ಸವರಿ ನೋಡಿ. ಬರಿಗೈಗೆ ನುಣ್ಣಗೆ ಅನ್ನಿಸಿದ ಜಾಗ ಚೀಲದೊಳಗಿನಿಂದ ಉಪ್ಪಿನ ಕಾಗದದಂತೆ ಗರಗರ ಅನ್ನುತ್ತದೆ. ಬ್ರೇಕಿನ ಕಬ್ಬಿಣದ ಪುಡಿ, ಡಾಂಬರಿನ ಹನಿ, ಬೇವಿನ ಗಿಡದ ಕೆಳಗೆ ನಿಲ್ಲಿಸಿದಾಗ ಬಿದ್ದ ಅಂಟು, ಎಲ್ಲ ಅಲ್ಲಿ ಕಚ್ಚಿಕೊಂಡಿರುತ್ತದೆ. ಕಬ್ಬಿಣ ಕರಗಿಸುವ ದ್ರಾವಣ ಸಿಂಪಡಿಸಿದರೆ ಕಬ್ಬಿಣ ಇದ್ದಲ್ಲೆಲ್ಲ ನೇರಳೆ ಬಣ್ಣ ಸೋರುತ್ತದೆ. ಉಳಿದದ್ದನ್ನು ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆಯಿಂದ, ಜಾರುವ ನೀರು ಹಾಕುತ್ತ, ಎತ್ತಬೇಕು. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ, ಅದರಲ್ಲಿ ಹೊಕ್ಕ ಉಸುಕು ನಿಮ್ಮ ಗಾಡಿಯನ್ನೇ ಗೀಚುತ್ತದೆ. ಈ ಹಂತ ಬಿಟ್ಟು ಪಾಲಿಶ್ ಹೊಡೆದರೆ ಆ ಕೊಳೆಯನ್ನೇ ಮಷಿನ್ ಗಾಡಿಯ ತುಂಬ ಎಳೆದಾಡುತ್ತದೆ.

ಉಗುರು ಎಡವುವಷ್ಟು ಆಳದ ಗೀರು ಪಾಲಿಶ್‌ಗೆ ಹೋಗುವುದಿಲ್ಲ. ಅದನ್ನು ಹೋಗಿಸುತ್ತೇನೆ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ.

ಹೊಳಪು ಕಾಯುವವರು: ಯಾರು ಎಷ್ಟು ದಿನ

ವ್ಯಾಕ್ಸ್ ಅಂದರೆ ಮುಖ್ಯವಾಗಿ ಕಾರ್ನೌಬಾ, ಬ್ರೆಜಿಲ್‌ನ ಒಂದು ತಾಳೆ ಜಾತಿಯ ಎಲೆಯಿಂದ ಬರುವ ಮೇಣ. ಗಾಢ ಬಣ್ಣಗಳ ಮೇಲೆ ಅದು ಕೊಡುವ ತುಂಬು ಮಿಂಚಿಗೆ ಇಂದಿಗೂ ಸಾಟಿ ಕಡಿಮೆ. ಕಾರ್ನೌಬಾ ಕರಗುವುದು 82-86 ಡಿಗ್ರಿಗೆ, ಆದರೆ ಡಬ್ಬಿಯಲ್ಲಿ ಅದರ ಜೊತೆ ಮೆತ್ತನೆಯ ಮೇಣ, ಎಣ್ಣೆಗಳೂ ಇರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಗಾಳಿಯೇ 40 ದಾಟಿರುವಾಗ, ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ತಂಪು ಕಾಲದಲ್ಲಿ ಎರಡು ತಿಂಗಳು ಬಾಳುವ ವ್ಯಾಕ್ಸ್ ಬೇಸಿಗೆಯಲ್ಲಿ ಕೆಲವೇ ವಾರಕ್ಕೆ ಮಾಯ. ಜಿಗುಟು ಉಳಿದರೆ ಧೂಳೂ ಹಿಡಿಯುತ್ತದೆ. ಮದುವೆ ಮುಂಚೆ, ಗಾಡಿ ಮಾರುವ ಮುಂಚೆ, ಹಬ್ಬದ ಮುಂಚೆ ಹಚ್ಚಲು ಒಳ್ಳೆಯದು. ವರ್ಷವಿಡೀ ಅದನ್ನೇ ನಂಬಿ ಕೂರುವ ಊರು ನಮ್ಮದಲ್ಲ.

ಟೆಫ್ಲಾನ್ ಬಗ್ಗೆ ಎರಡೇ ಮಾತು. ಟೆಫ್ಲಾನ್ ಅಂದರೆ ಪಿಟಿಎಫ್‌ಇ, ಕರಗುವುದು 327 ಡಿಗ್ರಿಗೆ. ತವೆಗೆ ಅದನ್ನು ಹಿಡಿಸುವಾಗ ಅಷ್ಟು ಕಾಯಿಸಿಯೇ ಹಿಡಿಸುತ್ತಾರೆ. ಕಾರಿನ ಬಣ್ಣವನ್ನು ಆ ಬಿಸಿಗೆ ಒಡ್ಡುವುದು ಸಾಧ್ಯವೇ ಇಲ್ಲ. "ಟೆಫ್ಲಾನ್ ಕೋಟಿಂಗ್" ಹೆಸರಿನಲ್ಲಿ ಹಚ್ಚುವುದು ಹೆಚ್ಚೂಕಡಿಮೆ ಒಂದು ಸಾಧಾರಣ ಪಾಲಿಶ್-ಸೀಲಂಟ್. ಅದರ ಕೆಲಸವನ್ನು ಅದಕ್ಕಿಂತ ಕಡಿಮೆ ದುಡ್ಡಿಗೆ ಒಳ್ಳೆಯ ಸೀಲಂಟ್ ಮಾಡುತ್ತದೆ.

ಸೀಲಂಟ್ ಕಾರ್ಖಾನೆಯಲ್ಲಿ ಮಾಡಿದ ಪಾಲಿಮರ್. ದ್ರವ ರೂಪದಲ್ಲಿ ಸಿಗುತ್ತದೆ, ಸ್ಪಾಂಜಿನಿಂದ ತೆಳ್ಳಗೆ ಹಚ್ಚಿ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ನಾಲ್ಕರಿಂದ ಆರು ತಿಂಗಳು ಬಾಳುತ್ತದೆ, ಬಿಸಿಲನ್ನು ವ್ಯಾಕ್ಸ್‌ಗಿಂತ ಚೆನ್ನಾಗಿ ತಡೆಯುತ್ತದೆ. ಮಿಂಚು ವ್ಯಾಕ್ಸ್‌ನಷ್ಟು ತುಂಬಿರುವುದಿಲ್ಲ, ಗಾಜಿನಂಥ ಚುರುಕು ಮಿಂಚು. ಬಿಳಿ, ಬೆಳ್ಳಿ ಗಾಡಿಗೆ ಅದೇ ಚೆಂದ. ತಪ್ಪಾಗಿ ಹಚ್ಚಿದರೂ ದೊಡ್ಡ ನಷ್ಟವಿಲ್ಲ, ಮುಂದಿನ ಸಲ ಸರಿ ಮಾಡಿದರಾಯಿತು. ನನ್ನ ಮಟ್ಟಿಗೆ ನಮ್ಮ ಜಿಲ್ಲೆಗಳಿಗೆ ಇದರ ಮುಖ್ಯ ಗುಣ ಇದೇ. ನಮ್ಮ ನೀರು, ಧೂಳು ಎಂಥ ಪದರವನ್ನಾದರೂ ಹಾಳು ಮಾಡುತ್ತವೆ. ಹಾಳಾದಾಗ ಸುಲಭಕ್ಕೆ ತೆಗೆದು ಮತ್ತೆ ಹಚ್ಚಬಹುದಾದದ್ದು ಜಾಣ ಆಯ್ಕೆ.

ಸೆರಾಮಿಕ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ಹೆಚ್ಚು ದುಡ್ಡು ಹೋಗುವುದೂ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರಲ್ಲೇ. ಇದು ಸಿಲಿಕಾ ಮೂಲದ ದ್ರಾವಣ. ಹಚ್ಚಿದ ಮೇಲೆ ಗಟ್ಟಿಯಾಗಿ ಕ್ಲಿಯರ್ ಕೋಟ್‌ಗೆ ಅಂಟುತ್ತದೆ. ಪದರದ ದಪ್ಪ ಒಂದೆರಡು ಮೈಕ್ರಾನ್, ಅಷ್ಟೇ. ಹಕ್ಕಿ ಹಿಕ್ಕೆ, ಸೋಪು, ಬಿಸಿಲು ಇವಕ್ಕೆ ಚೆನ್ನಾಗಿ ಎದುರು ನಿಲ್ಲುತ್ತದೆ. ನೀರು ಮುತ್ತಿನಂತೆ ಉರುಳುತ್ತದೆ, ಧೂಳು ಅಷ್ಟಾಗಿ ಕಚ್ಚುವುದಿಲ್ಲ. ಒಳ್ಳೆಯ ಸರಕು, ಒಳ್ಳೆಯ ಕೈ ಸೇರಿದರೆ ಎರಡು-ಮೂರು ವರ್ಷ ಬಾಳುತ್ತದೆ. ಬೆಲೆ ಗಾಡಿಯ ಗಾತ್ರ ನೋಡಿ ಸುಮಾರು ₹15,000ದಿಂದ ಮೇಲೆ.

ಮಾರುವವರು "9ಎಚ್ ಹಾರ್ಡ್‌ನೆಸ್" ಅನ್ನುತ್ತಾರೆ. ಕೇಳಿದವರಿಗೆ ಖನಿಜಗಳ ಗಡಸುತನದ ಅಳತೆಯಲ್ಲಿ ವಜ್ರ 10, ಇದು 9 ಅನ್ನಿಸಿಬಿಡುತ್ತದೆ. ಇದು ಪೆನ್ಸಿಲ್ ಪರೀಕ್ಷೆಯ ಅಳತೆ. ಚಿತ್ರ ಬಿಡಿಸುವ ಪೆನ್ಸಿಲ್‌ಗಳಲ್ಲಿ ಎಚ್‌ಬಿ, 2ಎಚ್ ಇರುತ್ತವಲ್ಲ, ಅದೇ ಸಾಲಿನ ಬಹಳ ಗಟ್ಟಿ ಪೆನ್ಸಿಲ್ 9ಎಚ್. ಆ ಪೆನ್ಸಿಲ್‌ನಿಂದ ಗೀಚಿದರೆ ಗೀರು ಬೀಳಲಿಲ್ಲ ಅಂತ ಅರ್ಥ. ರಸ್ತೆಯ ಉಸುಕು ಪೆನ್ಸಿಲ್ ಕಡ್ಡಿಗಿಂತ ಬಹಳ ಗಟ್ಟಿ. ಅಂದಮೇಲೆ ಸೆರಾಮಿಕ್ ಹಾಕಿಸಿದ ಗಾಡಿಯನ್ನೂ ಒಣ ಬಟ್ಟೆಯಿಂದ ಒರೆಸಿದರೆ ಗೀರು ಬಿದ್ದೇ ಬೀಳುತ್ತದೆ. ಬಂಪರಿಗೆ ಸಿಡಿದ ಕಲ್ಲನ್ನು ಅದು ತಡೆಯುವ ಮಾತೇ ಇಲ್ಲ.

ನಮ್ಮ ಕಡೆ ಸೆರಾಮಿಕ್‌ನ ನಿಜವಾದ ವೈರಿ ಬೋರ್ ನೀರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತದೆ. ಸೆರಾಮಿಕ್ ಮೇಲೆ ನೀರು ಹನಿಹನಿಯಾಗಿ ಕೂರುತ್ತದೆ, ಬಿಸಿಲಿಗೆ ಆ ಹನಿ ಒಣಗುತ್ತದೆ, ಹನಿಯ ಅಂಚಿನಲ್ಲಿ ಬಿಳಿ ಉಂಗುರ ಉಳಿಯುತ್ತದೆ. ಒಂದೆರಡು ದಿನದೊಳಗಾದರೆ ನೀರು ಬೆರೆಸಿದ ವಿನೆಗರ್‌ನಿಂದ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಕೋಟಿಂಗ್‌ಗೇ ಕೊರೆದುಬಿಡುತ್ತದೆ, ಆಗ ಪಾಲಿಶ್ ಹೊಡೆಯಬೇಕು, ಹೊಡೆದರೆ ಕೋಟಿಂಗೂ ಹೋಗುತ್ತದೆ. ಹಾಗಾಗಿ ಕೋಟಿಂಗ್ ಎಷ್ಟು ವರ್ಷದ್ದು ಅಂತ ಕೇಳುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ: ಗಾಡಿ ತೊಳೆಯುವುದು ಯಾವ ನೀರಲ್ಲಿ? ನೆರಳಿದೆಯೇ? ತೊಳೆದ ಕೂಡಲೇ ಒರೆಸುವವರು ಯಾರು? ನದಿ ನೀರು ಬರುವ ನಳ, ನೆರಳಿನ ಪಾರ್ಕಿಂಗ್, ಎರಡು ಬಕೆಟ್ (ಒಂದು ಶಾಂಪೂ ನೀರಿಗೆ, ಇನ್ನೊಂದು ಕೊಳೆ ಜಾಲಿಸಲು), ದಪ್ಪ ಮೈಕ್ರೋಫೈಬರ್ ಟವೆಲ್ ಇದ್ದರೆ ಸೆರಾಮಿಕ್ ಹಾಕಿಸಿ, ಖುಷಿಯಾಗಿರುತ್ತೀರಿ. ಬೀದಿ ಪಾರ್ಕಿಂಗ್, ಬೋರ್ ನೀರು, ಒಣ ಬಟ್ಟೆ ಇದ್ದರೆ ಅದೇ ದುಡ್ಡಿನಲ್ಲಿ ಗಾಡಿಗೊಂದು ಶೆಡ್ ಹಾಕಿಸುವುದು ಮೇಲು.

ಪಿಪಿಎಫ್ ಬೇರೆ ಜಾತಿಯದು, ಬಳಿಯುವುದಲ್ಲ, ಅಂಟಿಸುವುದು. ಟಿಪಿಯು ಎಂಬ ಪಾರದರ್ಶಕ ಹಾಳೆ, ದಪ್ಪ 150ರಿಂದ 200 ಮೈಕ್ರಾನ್. ನಿಮ್ಮ ಗಾಡಿಯ ಬಣ್ಣದ ಪದರಗಳೆಲ್ಲ ಸೇರಿದರೂ ಇಷ್ಟು ದಪ್ಪ ಇರುವುದಿಲ್ಲ. ಸಿಡಿಗಲ್ಲಿಗೆ ಎದುರು ನಿಲ್ಲುವುದು ಇದೊಂದೇ. ಸಣ್ಣ ಗೀರು ಬಿಸಿಲು ತಾಗಿದಾಗ ತಾನೇ ಕೂಡಿಕೊಳ್ಳುತ್ತದೆ. ಇಡೀ ಗಾಡಿಗೆ ಹಾಕಿಸಿದರೆ ಖರ್ಚು ಲಕ್ಷದ ಸುತ್ತ, ದೊಡ್ಡ ಗಾಡಿಗೆ ಅದಕ್ಕೂ ಮೇಲೆ. ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸೊಲ್ಲಾಪುರ-ಹುಬ್ಬಳ್ಳಿ ನಡುವೆ ವಾರವಾರ ಓಡಾಡುವವರಿಗೆ, ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿಬರುವವರಿಗೆ ಬಂಪರ್, ಬಾನೆಟ್, ಕನ್ನಡಿ ಹಿಂಭಾಗಕ್ಕೆ ಹಾಕಿಸುವುದು ತಕ್ಕ ಖರ್ಚು. ಅಗ್ಗದ ಪಿವಿಸಿ ಹಾಳೆಯನ್ನು ಪಿಪಿಎಫ್ ಹೆಸರಲ್ಲಿ ಮಾರುತ್ತಾರೆ, ಅದು ನಮ್ಮ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಬಿಲ್‌ನಲ್ಲಿ ಟಿಪಿಯು ಅಂತ ಬರೆಸಿಕೊಳ್ಳಿ.

ಊರು ನೋಡಿ ಆಯ್ಕೆ

ಮುಧೋಳ, ಜಮಖಂಡಿ ಕಡೆಯವರಿಗೆ ಕಬ್ಬು ನುರಿಸುವ ಕಾಲ ಬೇರೆಯದೇ ಪರೀಕ್ಷೆ. ಕಾರ್ಖಾನೆಯ ಬಾಯ್ಲರಿನಿಂದ ಹಾರಿಬರುವ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಹೆಚ್ಚು, ಕೈಯಿಂದ ಒರೆಸಿದರೂ ಗೀರು. ಬಾಗಲಕೋಟೆ, ಲೋಕಾಪುರ ಸುತ್ತ ಸಿಮೆಂಟ್, ಸುಣ್ಣಕಲ್ಲಿನ ಲಾರಿಗಳ ಹಿಂದೆ ಬರುವ ಪುಡಿ ಇಬ್ಬನಿಗೆ ಒದ್ದೆಯಾದರೆ ಕ್ಷಾರವಾಗಿ ಬಣ್ಣಕ್ಕೆ ಕಚ್ಚುತ್ತದೆ. ಇಲ್ಲಿ ಮೊದಲು ಬರಿ ನೀರು ಜೋರಾಗಿ ಬಿಟ್ಟು ಪುಡಿ ಇಳಿಸಬೇಕು, ಆಮೇಲಷ್ಟೇ ಕೈ ಹಚ್ಚಬೇಕು. ಪಾಲಿಶ್ ಕೆಲಸವನ್ನು ಸೀಸನ್ ಮುಗಿದ ಮೇಲೆ ಇಟ್ಟುಕೊಳ್ಳಿ, ಸೀಲಂಟನ್ನು ಸೀಸನ್ ಶುರುವಾಗುವ ಮುಂಚೆ ಹಚ್ಚಿ.

ಬೆಳಗಾವಿಯ ಲೆಕ್ಕ ಬೇರೆ. ಅಲ್ಲಿ ಮಳೆ ವಿಜಯಪುರಕ್ಕಿಂತ ಬಹಳ ಹೆಚ್ಚು, ಖಾನಾಪುರ ಕಡೆ ಕೆಂಪು ಮಣ್ಣಿನ ರಾಡಿ. ಮಳೆನೀರು ಗಡಸಲ್ಲ, ಉಂಗುರದ ಕಾಟ ಕಡಿಮೆ. ಸೆರಾಮಿಕ್ ತನ್ನ ಗುಣ ತೋರಿಸುವುದು ಇಂಥಲ್ಲೇ. ರಾಡಿ ನೀರಿಗೆ ಜಾರಿ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳೊಳಗೆ, ಹಾಕಿಸಬೇಕು. ಹಚ್ಚಿದ ಮೇಲೆ ಒಂದು ದಿನ ನೀರು ತಾಗಬಾರದು, ಒಂದು ವಾರ ಶಾಂಪೂ ಬೇಡ.

ದಸರೆಯ ಖಂಡೆ ಪೂಜೆಯನ್ನೂ (ಆಯುಧ ಪೂಜೆ) ಇಲ್ಲೇ ಹೇಳಿಬಿಡಬೇಕು. ಚೆಂಡು ಹೂವಿನ ಸರ ನಿಲ್ಲಲಿ ಅಂತ ಬಾನೆಟ್‌ಗೆ ಹಚ್ಚಿದ ಟೇಪು ಬಿಸಿಲಿಗೆ ಬೆಂದು ಅದರ ಅಂಟು ಉಳಿಯುತ್ತದೆ. ಅರಿಶಿನ-ಕುಂಕುಮದ ಕಲೆ ಬಿಳಿ ಗಾಡಿಯಿಂದ ಸುಲಭಕ್ಕೆ ಬಿಡುವುದಿಲ್ಲ. ಪೂಜೆ ಬಿಡಬೇಕಿಲ್ಲ, ಕುಂಕುಮ ನಂಬರ್ ಪ್ಲೇಟಿಗೆ ಹಚ್ಚಿ, ಸರವನ್ನು ದಾರದಿಂದ ಕಟ್ಟಿ. ಮರುದಿನ ಗಾಡಿ ಮಿಂಚಲಿ ಅಂತ ಡೀಸೆಲ್ ಬಟ್ಟೆಯಿಂದ ಒರೆಸುವ ರೂಢಿಯನ್ನು ಮಾತ್ರ ನಿಲ್ಲಿಸಿ. ಒಂದು ತಾಸು ಮಿಂಚುತ್ತದೆ, ಆಮೇಲೆ ಊರಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ, ರಬ್ಬರ್ ಬೀಡಿಂಗ್ ಉಬ್ಬುತ್ತದೆ.

ಕೋಟಿಂಗ್ ಹಚ್ಚುವ ಸ್ಟುಡಿಯೋದಲ್ಲಿ ಏನು ನೋಡಬೇಕು

ಬೋರ್ಡಿಗಿಂತ ಶಟರ್ ನೋಡಿ. ಸೆರಾಮಿಕ್ ಹಚ್ಚುವ ಜಾಗ ರಸ್ತೆಗೆ ತೆರೆದಿದ್ದರೆ ಹಾರಿಬಂದ ಧೂಳು ಕೋಟಿಂಗ್ ಒಳಗೇ ಸೇರಿ ಗಟ್ಟಿಯಾಗುತ್ತದೆ. ಮುಚ್ಚಿದ ಕೋಣೆ, ಒದ್ದೆ ನೆಲ, ಎಲ್ಲ ಕಡೆಯಿಂದ ಬೆಳಕು ಇರಬೇಕು.

ಬಣ್ಣದ ದಪ್ಪ ಅಳೆಯುವ ಮೀಟರ್ ಇದೆಯೇ ಕೇಳಿ. ಉಳಿದೆಲ್ಲ ಕಡೆ 120 ತೋರಿಸುವ ಮೀಟರ್ ಒಂದು ಬಾಗಿಲ ಮೇಲೆ 250 ತೋರಿಸಿದರೆ ಆ ಬಾಗಿಲು ಹಿಂದೆಂದೋ ಡೆಂಟಿಂಗ್-ಪೇಂಟಿಂಗ್ ಕಂಡಿದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೂ ಇದು ಉಪಯೋಗ. ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ ಕನಿಷ್ಠ ಒಂದು ತಿಂಗಳು ಏನೂ ಹಚ್ಚಬಾರದು, ಒಳಗಿನ ಥಿನ್ನರ್ ಪೂರ್ತಿ ಆರಬೇಕು.

ಪಾಲಿಶ್ ಮುಗಿದು ಕೋಟಿಂಗ್ ಶುರುವಾಗುವ ಮುಂಚೆ ಒಂದು ಸಲ ಹೋಗಿ ನಿಲ್ಲಿ. ಪಾಲಿಶ್‌ನ ಎಣ್ಣೆ ಗೀರುಗಳಲ್ಲಿ ತುಂಬಿಕೊಂಡು ಎಲ್ಲ ಹೋದಂತೆ ಕಾಣಿಸುತ್ತದೆ. ಆ ಎಣ್ಣೆ ಬಿಡಿಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ ಬಾನೆಟ್‌ನ ಅರ್ಧ ಒರೆಸಲು ಹೇಳಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಗೀರು ನಿಜವಾಗಿ ಹೋಗಿದ್ದರೆ ಒರೆಸಿದ ಕಡೆ, ಒರೆಸದ ಕಡೆ ಎರಡೂ ಒಂದೇ ರೀತಿ ಕಾಣುತ್ತವೆ. ಒರೆಸಿದ ಕಡೆ ಜೇಡರ ಬಲೆ ಮತ್ತೆ ಎದ್ದರೆ ಕೆಲಸ ಅರ್ಧವೇ ಆಗಿದೆ. ಇಷ್ಟಕ್ಕೆ ಮುಖ ಗಂಟು ಹಾಕುವ ಅಂಗಡಿ ನಿಮಗೆ ಬೇಡ.

ವಾರಂಟಿ ಕಾರ್ಡ್ ಪೂರ್ತಿ ಓದಿ. ಐದು ವರ್ಷ ಅಂತ ದೊಡ್ಡದಾಗಿ ಬರೆದು, ವರ್ಷವರ್ಷ ದುಡ್ಡು ಕೊಟ್ಟು ಮೇಂಟೆನೆನ್ಸ್ ಮಾಡಿಸದಿದ್ದರೆ ರದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುವುದು ಹೊಸದೇನಲ್ಲ. ಆ ಖರ್ಚನ್ನೂ ಕೂಡಿಸಿಯೇ ಸೀಲಂಟ್ ಜೊತೆ ಹೋಲಿಸಿ.

ಇನ್ನು ಹೊಸ ಗಾಡಿ ತಗೊಳ್ಳುತ್ತಿರುವವರಿಗೆ. ಡೆಲಿವರಿಗೆ ಎರಡು ದಿನ ಮುಂಚೆಯೇ ಸೇಲ್ಸ್‌ನವರಿಗೆ ಹೇಳಿಡಿ: "ಗಾಡಿ ತೊಳೀಬ್ಯಾಡ್ರಿ, ಪಾಲಿಶ್ ಹೊಡೀಬ್ಯಾಡ್ರಿ, ಪ್ಲಾಸ್ಟಿಕ್ ಹಾಳಿ ಹಂಗ ಇರ್ಲಿ, ನಾವ ತೆಕ್ಕೋತೀವಿ." ಹೊಸ ಗಾಡಿಯ ಮೊದಲ ಗೀರುಗಳು ಬಹಳ ಸಲ ಬೀಳುವುದು ಶೋರೂಮಿನ ಹಿಂದೆ ಗಾಡಿ ತೊಳೆಯುವ ಜಾಗದಲ್ಲಿ, ಹತ್ತು ಗಾಡಿಗೆ ಆಡಿದ ಒಂದೇ ಸ್ಪಾಂಜಿನಿಂದ. ಅದನ್ನು ತಪ್ಪಿಸಿದರೆ ಹೊಸ ಗಾಡಿಗೆ ಕಂಪೌಂಡ್ ಬೇಕಿಲ್ಲ. ಮನೆಗೆ ತಂದು, ತೊಳೆದು, ಕ್ಲೇ ಹಾಕಿ ಸೀಲಂಟ್ ಹಚ್ಚಿದರೆ ಆಯಿತು. ಮಾತು ಹೇಳಿದ್ದು ಸಾಲದು, ಬುಕಿಂಗ್ ಫಾರ್ಮ್ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ.